ರಸ್ತೆಗೆ ಅಡ್ಡ ನಿಂತವರು

ಹಿಟ್ಲರನ ಟ್ಯಾಂಕ್‌ಗಳು ಬಂದೇ ಬಿಡಬಹುದು ಅಂತ 1940ರಲ್ಲಿ ಇಂಗ್ಲೆಂಡಿನವರು ರಸ್ತೆ ರಸ್ತೆಗೂ ಕಾಂಕ್ರೀಟ್ ದಿಮ್ಮಿ ಅಡ್ಡ ಇಟ್ಟರು. ಕೆಲವು ಇವತ್ತಿಗೂ ಅಲ್ಲೇ ಕೂತಿವೆ. ನಮ್ಮಲ್ಲಿ ಅಂಥದ್ದು ಇಲ್ವಾ? ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ತಲೆ ಎತ್ತಿ ನೋಡಿ.

ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು. ಡ್ರೋನ್ ಫೋಟೋದಲ್ಲಿ ಎಂಟು ಮೂಲೆಯ ನಕ್ಷತ್ರ ಕಾಣುತ್ತಲ್ಲ, ಅದು ಚೆಂದಕ್ಕೆ ಮಾಡಿದ್ದಲ್ಲ. ಇಂಜಿನಿಯರಿಂಗ್ ಓದಿದ ನನಗೆ ಅದು ಅಪ್ಪಟ ಲೆಕ್ಕಾಚಾರ. ನೇರ ಗೋಡೆಯ ಬುಡಕ್ಕೆ ಶತ್ರು ಅಂಟಿಕೊಂಡರೆ ಮೇಲಿನ ಸಿಪಾಯಿಗೆ ಕಾಣೋದಿಲ್ಲ. ಅದೇ ಗೋಡೆಯನ್ನು ಮಡಚಿ ಮೂಲೆ ತೆಗೆದರೆ? ಒಂದು ಮೂಲೆಯವನು ಪಕ್ಕದ ಮೂಲೆಯ ಬುಡಕ್ಕೆ ಗುಂಡು ಹಾರಿಸಬಹುದು. ಫ್ರಾನ್ಸಿನ ವೊಬಾನ್ ಪಳಗಿಸಿದ ವಿದ್ಯೆ ಇದು. ಸುತ್ತ ಕಂದಕ, ಮದ್ದು ತಣ್ಣಗಿಡೋಕೆ ನೆಲಮಾಳಿಗೆ. ಎಲ್ಲವೂ ಮಂಗಳೂರಿನಿಂದ ಘಟ್ಟ ಹತ್ತಿ ಬರೋ ದಾರಿಯ ಮೇಲೆ ಕಣ್ಣಿಡೋಕೆ.

ಆದರೆ 1799ರಲ್ಲಿ ಬ್ರಿಟಿಷರು ಆ ದಾರಿಯಲ್ಲಿ ಬರಲೇ ಇಲ್ಲ! ಬಾಂಬೆ ಸೈನ್ಯ ಕಣ್ಣೂರಿನಿಂದ ಕೊಡಗಿನ ಮೂಲಕ ಬಂತು, ಮದ್ರಾಸಿನದ್ದು ಪೂರ್ವದಿಂದ. ಶ್ರೀರಂಗಪಟ್ಟಣ ಬಿತ್ತು.

ಬ್ರಿಟಿಷರಿಗೆ ಈ ಘಟ್ಟದ ದಾರಿಯನ್ನು ನಿಜವಾಗಿ ಮುಚ್ಚಿ ತೋರಿಸಿದ್ದು ಟಿಪ್ಪು ಸತ್ತ ಮೇಲೆ, ಬಲಂ ಸೀಮೆಯ ಪಾಳೇಗಾರ, ಐಗೂರಿನ ಕೃಷ್ಣಪ್ಪ ನಾಯಕ. ಇವತ್ತು ವನಗೂರಿನಿಂದ ಸುಬ್ರಹ್ಮಣ್ಯಕ್ಕೆ ಇಳಿಯೋ ಬಿಸಿಲೆ ಘಾಟಿ ಇದೆಯಲ್ಲ, ಬ್ರಿಟಿಷರಿಗೆ ಕರಾವಳಿಯ ಸಂಪರ್ಕಕ್ಕೆ ಅದು ಬೇಕಿತ್ತು. ನಾಯಕ ಬಿಡಲಿಲ್ಲ. ನಕ್ಷತ್ರವೂ ಇಲ್ಲ, ಫ್ರೆಂಚ್ ನಕ್ಷೆಯೂ ಇಲ್ಲ. ಕಾಡನ್ನೇ ಕೋಟೆ ಮಾಡಿಕೊಂಡು ಒಳದಾರಿಗಳಿಗೆ ತಡೆ ಕಟ್ಟಿದ. 1800ರ ಏಪ್ರಿಲ್ ಮೊದಲಲ್ಲಿ ಬಂದ ಕಂಪನಿ ಪಡೆ ಪೆಟ್ಟು ತಿಂದು ಹಿಂದಿರುಗಿತು. ತಿಂಗಳ ಕೊನೆಗೆ ಇನ್ನಷ್ಟು ಸೈನ್ಯ ಬಂದು ಅವನ ಅರಕೆರೆಯ ನೆಲೆ ಹಿಡಿದರೂ ನಾಯಕ ಸಿಗಲಿಲ್ಲ.

ಕೊನೆಗೆ 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಖುದ್ದು ಬರಬೇಕಾಯ್ತು. ಹೌದು, ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನೇ! ಮೂರು ಕಡೆಯಿಂದ ನುಗ್ಗಿದರು. ಫೆಬ್ರವರಿಯಲ್ಲಿ ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ಆಮೇಲೆ ವೆಲ್ಲೆಸ್ಲಿ ಮಾಡಿಸಿದ ಕೆಲಸ ಏನು ಗೊತ್ತಾ? ಕಾಡು ಸೀಳಿ ರಸ್ತೆ ಮಾಡಿಸಿದ್ದು. ಇನ್ನೊಬ್ಬ ನಾಯಕ ಅಡಗೋಕೆ ಜಾಗವೇ ಇರಬಾರದು ಅಂತ.

ಕಲ್ಲಿನ ಕೋಟೆ ಉಳೀತು, ಅದರ ಮುಂದೆ ನಾವು ಸೆಲ್ಫಿ ತಗೋತೀವಿ. ಕಾಡಿನ ಕೋಟೆ ಮಣ್ಣಾಯ್ತು. ಬಿಸಿಲೆ ವ್ಯೂ ಪಾಯಿಂಟಿನ ದಾರಿಯಲ್ಲಿ ಕೃಷ್ಣಪ್ಪ ನಾಯಕನ ಕಥೆ ಬರೆದ ಒಂದು ಫಲಕ ನಿಲ್ಲಿಸೋಕೆ ಸರ್ಕಾರಕ್ಕೆ ಎಷ್ಟು ಖರ್ಚಾಗುತ್ತೆ ಸ್ವಾಮಿ?