6061 ಅಲ್ಯೂಮಿನಿಯಂ ಮಿಶ್ರಲೋಹ: ಸೆರಾಮಿಕ್ ನ್ಯಾನೊಕಣಗಳೂ ಶಾಖೋಪಚಾರದ ವೇಳಾಪಟ್ಟಿಯೂ

ಮೆದುಗೊಳಿಸಿದ 6061 ಮಿಶ್ರಲೋಹದ ಯೀಲ್ಡ್ ಸಾಮರ್ಥ್ಯ ಸುಮಾರು 55 ಮೆಗಾಪ್ಯಾಸ್ಕಲ್. ಅದಕ್ಕೇ ಟಿ6 ಶಾಖೋಪಚಾರ (ಕಾಯಿಸಿ ನೀರಿನಲ್ಲಿ ತಣಿಸಿ, ಮತ್ತೆ ಮಿತವಾಗಿ ಕಾಯಿಸುವುದು) ಕೊಟ್ಟರೆ 275ರ ಆಸುಪಾಸಿಗೆ ಏರುತ್ತದೆ. ಇಷ್ಟಕ್ಕೆ ಬೇಕಾಗುವುದು ಶೇ. 1ರಷ್ಟು ಮೆಗ್ನೀಸಿಯಂ, ಶೇ. 0.6ರಷ್ಟು ಸಿಲಿಕಾನ್, ಒಂದು ಕುಲುಮೆ ಮತ್ತು ಒಂದು ತೊಟ್ಟಿ ನೀರು. ಇದೇ ಲೋಹಕ್ಕೆ ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಾದ ನ್ಯಾನೊಕಣ ಬೆರೆಸಿದರೆ ಬಲ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನು ನೂರಾರು ಪ್ರಬಂಧಗಳು ಹೇಳಿವೆ. ಆದರೆ ಕಣದ ಕೊಡುಗೆಯನ್ನು ಶಾಖೋಪಚಾರದ ಕೊಡುಗೆಗೆ ಸುಮ್ಮನೆ ಕೂಡಿಸಿಬಿಡುವಂತಿಲ್ಲ. ಕಣ ಬೆರೆತೊಡನೆ ಶಾಖೋಪಚಾರದ ವೇಳಾಪಟ್ಟಿಯೇ ಬದಲಾಗುತ್ತದೆ ಎಂಬುದು ಈ ಲೇಖನದ ವಾದ.

ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ 1906ರಲ್ಲಿ, ಕಾಯಿಸಿ ತಣಿಸಿದ ಅಲ್ಯೂಮಿನಿಯಂ-ತಾಮ್ರ-ಮೆಗ್ನೀಸಿಯಂ ಮಿಶ್ರಲೋಹ ಇಟ್ಟಲ್ಲಿಯೇ ದಿನಗಳೆದಂತೆ ಗಡಸಾಗುವುದನ್ನು ಕಂಡರು. ಕಾರಣ ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ. 1938ರಲ್ಲಿ ಗಿನಿಯೇ ಮತ್ತು ಪ್ರೆಸ್ಟನ್ ಬೇರೆ ಬೇರೆಯಾಗಿ ಎಕ್ಸ್-ಕಿರಣಗಳಿಂದ, ಈ ಗಡಸುತನ ತರುವ ಪರಮಾಣುಗಳ ಸೂಕ್ಷ್ಮ ಗುಂಪುಗಳ ಸುಳಿವು ಹಿಡಿದರು. 6061ರಲ್ಲಿ ನಡೆಯುವುದೂ ಇದೇ ಬಗೆಯ ಕ್ರಿಯೆ. ಸುಮಾರು 530 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಪರಮಾಣುಗಳು ಅಲ್ಯೂಮಿನಿಯಂನಲ್ಲಿ ಕರಗುತ್ತವೆ. ನೀರಿಗೆ ಅದ್ದಿದಾಗ ಹೊರಬರಲು ಅವಕಾಶವಿಲ್ಲದೆ ಸಿಕ್ಕಿಬೀಳುತ್ತವೆ. ಆಮೇಲೆ 175 ಡಿಗ್ರಿಯಲ್ಲಿ ಸುಮಾರು 8 ತಾಸು ಇಟ್ಟರೆ (ಇದೇ ಏಜಿಂಗ್) ಬೀಟಾ ಡಬಲ್ ಪ್ರೈಮ್ ಎಂಬ ಸೂಜಿಯಂಥ ಅವಕ್ಷೇಪಗಳಾಗಿ ಒಡಮೂಡುತ್ತವೆ. ಲೋಹ ಬಾಗುವಾಗ ಅದರ ಹರಳಿನೊಳಗೆ ಸರಿಯುವ ಗೆರೆಯಂಥ ದೋಷಗಳ, ಅಂದರೆ ಡಿಸ್‌ಲೊಕೇಶನ್‌ಗಳ, ಓಟಕ್ಕೆ ತಡೆಯೊಡ್ಡುವುದು ಈ ಸೂಜಿಗಳೇ.

ಸೆರಾಮಿಕ್ ಕಣವೂ ತಡೆಯೇ, ಆದರೆ ಡಿಸ್‌ಲೊಕೇಶನ್ ಅದನ್ನು ಕತ್ತರಿಸಿಕೊಂಡು ಹೋಗಲಾರದು. ಸುತ್ತಿ ಬಳಸಿ, ಕಣದ ಸುತ್ತ ಒಂದು ಕುಣಿಕೆ ಬಿಟ್ಟು ಮುಂದೆ ಸಾಗುತ್ತದೆ. ಒರೊವಾನ್ ವಿವರಿಸಿದ ಈ ತಡೆಯ ಬಲ ಕಣಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಗಾತ್ರದಲ್ಲಿ ಶೇ. 1ರಷ್ಟು, 50 ನ್ಯಾನೊಮೀಟರ್ ವ್ಯಾಸದ ಕಣಗಳು ಸಮನಾಗಿ ಹರಡಿದರೆ ಅಂತರ ಸುಮಾರು 134 ನ್ಯಾನೊಮೀಟರ್. ಇದನ್ನು ಬಳಕೆಯಲ್ಲಿರುವ ಒರೊವಾನ್ ಸೂತ್ರಕ್ಕೆ ಹಾಕಿದರೆ ಬರುವ ಹೆಚ್ಚಳ ಸುಮಾರು 32 ಮೆಗಾಪ್ಯಾಸ್ಕಲ್. ಅದೇ ಕಣಗಳು ಗುಂಪುಗೂಡಿ 500 ನ್ಯಾನೊಮೀಟರ್‌ನ ಗಂಟುಗಳಂತೆ ವರ್ತಿಸಿದರೆ ಹೆಚ್ಚಳ 5 ಮೆಗಾಪ್ಯಾಸ್ಕಲ್‌ಗೆ ಇಳಿಯುತ್ತದೆ. ಶಾಖೋಪಚಾರ ಕೊಡುವ 220 ಮೆಗಾಪ್ಯಾಸ್ಕಲ್ ಎದುರಿಗೆ ಇದು ಲೆಕ್ಕಕ್ಕೂ ಸಿಗದು. ದ್ರವ ಅಲ್ಯೂಮಿನಿಯಂ ಸೆರಾಮಿಕ್ಕಿಗೆ ಸುಲಭವಾಗಿ ಅಂಟುವುದಿಲ್ಲವಾದ್ದರಿಂದ, ಬರೀ ಕಲಕುವುದರಿಂದ ಗಂಟು ಒಡೆಯುವುದು ಕಷ್ಟ. ಶ್ರವಣಾತೀತ ಕಂಪನದ ಮೊರೆಹೋಗುವುದು ಇದಕ್ಕಾಗಿಯೇ.

ಇನ್ನು ನಿಜವಾದ ತೊಡಕು ಮೇಲ್ಮೈಯದು. ಒಂದು ಘನ ಸೆಂಟಿಮೀಟರ್ ಲೋಹದಲ್ಲಿ ಶೇ. 1ರಷ್ಟಿರುವ 50 ಮೈಕ್ರಾನ್ ಕಣಗಳ ಒಟ್ಟು ಮೇಲ್ಮೈ 12 ಚದರ ಸೆಂಟಿಮೀಟರ್. 50 ನ್ಯಾನೊಮೀಟರ್ ಕಣಗಳದ್ದು 1.2 ಚದರ ಮೀಟರ್, ಸಾವಿರ ಪಟ್ಟು. ಮೇಲ್ಮೈಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗೂ ಅಷ್ಟೇ ಅವಕಾಶ. ಅಲ್ಯೂಮಿನಾ ಆದರೆ ಕರಗಿದ ಲೋಹದಿಂದ ಮೆಗ್ನೀಸಿಯಂ ಹೀರಿ ಸ್ಪಿನೆಲ್ ಎಂಬ ಆಕ್ಸೈಡ್ ಆಗುತ್ತದೆ. ಸೂಜಿಗಳನ್ನು ಕಟ್ಟಬೇಕಾದ ಮೆಗ್ನೀಸಿಯಂ ಹೀಗೆ ಎರಕದ ಮೂಸೆಯಲ್ಲೇ ಖರ್ಚಾಗಿಹೋಗುತ್ತದೆ. ಸಿಲಿಕಾನ್ ಕಾರ್ಬೈಡ್‌ನದು ಬೇರೆ ತಕರಾರು: ಸಿಲಿಕಾನ್ ಕಡಿಮೆಯಿರುವ 6061ರಲ್ಲಿ ಅದು ಅಲ್ಯೂಮಿನಿಯಂ ಕಾರ್ಬೈಡ್ ಕಟ್ಟುತ್ತದೆ. ತೇವ ತಗುಲಿದರೆ ಒಡೆದುಹೋಗುವ ಪದಾರ್ಥ ಅದು. ಶೇ. 7ರಷ್ಟು ಸಿಲಿಕಾನ್ ಇರುವ ಎ356ರಲ್ಲಿ ಈ ಕಾಟ ಬಹಳ ಕಡಿಮೆ. ಎರಡೂ ಮಿಶ್ರಲೋಹಗಳಲ್ಲಿ ಬಂದ ಫಲಿತಾಂಶಗಳನ್ನು ಒಂದೇ ತಕ್ಕಡಿಗೆ ಹಾಕುವುದು ನನಗೆ ಸರಿಕಾಣುವುದಿಲ್ಲ.

ತಣಿಸುವ ಗಳಿಗೆಯೂ ಮುಖ್ಯ. ಒಂದು ಡಿಗ್ರಿ ತಣಿದಾಗ ಅಲ್ಯೂಮಿನಿಯಂ ದಶಲಕ್ಷಕ್ಕೆ 23 ಪಾಲು ಕುಗ್ಗಿದರೆ ಸಿಲಿಕಾನ್ ಕಾರ್ಬೈಡ್ ಕುಗ್ಗುವುದು 4 ಪಾಲು ಮಾತ್ರ. 530 ಡಿಗ್ರಿಯಿಂದ ಕೋಣೆಯ ಉಷ್ಣತೆಗೆ ಇಳಿಯುವಷ್ಟರಲ್ಲಿ ಇವೆರಡರ ನಡುವೆ ಶೇ. 1ರ ಹತ್ತಿರದ ವ್ಯತ್ಯಾಸ ಬೀಳುತ್ತದೆ. ಅದನ್ನು ಭರಿಸಲು ಕಣದ ಸುತ್ತ ಡಿಸ್‌ಲೊಕೇಶನ್‌ಗಳು ಹುಟ್ಟುತ್ತವೆ. ಅವಕ್ಷೇಪಗಳಿಗೆ ಅವು ಹೇಳಿ ಮಾಡಿಸಿದ ತಾಣ. ಹಾಗಾಗಿ ಗಡಸುತನದ ಶಿಖರ ಬೇಗ ಬರುತ್ತದೆ. ಬೋರಾನ್ ಕಾರ್ಬೈಡ್ ಬೆರೆತ 6061ರಲ್ಲಿ ಈ ತ್ವರೆಯನ್ನು 1984ರಲ್ಲೇ ನಿಹ್ ಮತ್ತು ಕಾರ್ಲಾಕ್ ವರದಿ ಮಾಡಿದ್ದರು. ಮತ್ತೊಂದು ಕಡೆ, ಪರಮಾಣುಗಳ ಚಲನೆಗೆ ಬೇಕಾದ ಖಾಲಿ ಸ್ಥಾನಗಳನ್ನು ಇದೇ ಡಿಸ್‌ಲೊಕೇಶನ್‌ಗಳೂ ಕಣದ ಮೇಲ್ಮೈಯೂ ನುಂಗಿಹಾಕುವುದರಿಂದ ಮೊದಲ ಹಂತದ ಗುಂಪುಗಳು ಕಟ್ಟುವುದು ನಿಧಾನವಾಗಬಹುದು. ಒಂದೇ ಕಾರಣ, ಎರಡು ವಿರುದ್ಧ ಪರಿಣಾಮ. ಯಾವುದು ಮೇಲುಗೈ ಎಂಬುದನ್ನು ಕಣದ ಗಾತ್ರ, ಪ್ರಮಾಣ, ಏಜಿಂಗ್ ಉಷ್ಣತೆಗಳು ತೀರ್ಮಾನಿಸುತ್ತವೆ. ಕೈಪಿಡಿಯ 8 ತಾಸನ್ನೇ ಹಿಡಿದು ಕೂತರೆ ಕಣ ಬೆರೆತ ಲೋಹ ಶಿಖರ ದಾಟಿ ಮೆದುವಾಗತೊಡಗಿರಲೂಬಹುದು.

ಹೀಗೆ ಕಣ ಬೆರೆಸಿ ಎರಕ ಹೊಯ್ದ ಲೋಹಗಳಿಗೆ ಬೆಂಗಳೂರಿನ ನಂಟು ಹಳೆಯದು. 1960ರ ದಶಕದಲ್ಲಿ ಅಲ್ಯೂಮಿನಿಯಂಗೆ ಗ್ರಾಫೈಟ್ ಬೆರೆಸಿ ಎರಕ ಹೊಯ್ದ ಪ್ರದೀಪ್ ರೋಹಟ್ಗಿ ಮುಂದಿನ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಇಂದು ನಮ್ಮ ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಕು-ಎರಕದ ಕುಲುಮೆಗಳಿವೆ. ಅಲ್ಲಿ ದುಡಿಯುವ ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟೇ: ಕಣ ಬೆರೆಸದ ಲೋಹವನ್ನೂ ಅದೇ ಮೂಸೆಯಲ್ಲಿ ಅಷ್ಟೇ ಹೊತ್ತು ಕಲಕಿ ಎರಕ ಹೊಯ್ಯಿರಿ, ಎರಡರಲ್ಲೂ ಉಳಿದ ಮೆಗ್ನೀಸಿಯಂ ಮತ್ತು ರಂಧ್ರಗಳ ಪ್ರಮಾಣ ಅಳೆಯಿರಿ, ಎರಡರ ಏಜಿಂಗ್ ರೇಖೆಗಳನ್ನೂ ಒಂದೇ ನಕ್ಷೆಯಲ್ಲಿ ಕೊಡಿ.