ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮತ್ತು ತಂಬಾಕು ತ್ಯಜನೆ: ಒಂದೇ ಭೇಟಿಯಲ್ಲಿ ಎರಡು ರಕ್ಷಣೆ

ಮಹಿಳೆಯರನ್ನು ಕಾಡುವ ಕ್ಯಾನ್ಸರ್‌ಗಳ ಪೈಕಿ ಗರ್ಭಕೊರಳಿನ ಕ್ಯಾನ್ಸರ್ ಬಹುಮಟ್ಟಿಗೆ ತಡೆಗಟ್ಟಬಹುದಾದ ಕಾಯಿಲೆ. ಅದು ಕ್ಯಾನ್ಸರ್ ಆಗಿ ಬಲಿಯುವುದಕ್ಕೆ ಹಲವು ವರ್ಷ ಮೊದಲೇ ಸುಳಿವು ನೀಡುತ್ತದೆ. ಆ ಸುಳಿವನ್ನು ಪತ್ತೆ ಹಚ್ಚುವ ಅಗ್ಗದ ಪರೀಕ್ಷೆಗಳೂ ಇವೆ. ಹೀಗಿದ್ದರೂ 2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ 1,27,526 ಮಹಿಳೆಯರು ಈ ಕಾಯಿಲೆಗೆ ತುತ್ತಾದರು. 79,906 ಮಂದಿ ಸಾವನ್ನಪ್ಪಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಮಹಿಳೆಯರ ಪೈಕಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು ದೇಶದಲ್ಲಿ ಶೇ 1.9ರಷ್ಟು ಮಾತ್ರ ಎಂದು ಕಂಡುಬಂದಿತ್ತು.

ತಪಾಸಣೆಗೆ ಬರುವ ಮಹಿಳೆಯರೇ ಇಷ್ಟು ವಿರಳವಾಗಿರುವಾಗ, ಬಂದವರ ಒಂದೊಂದು ಭೇಟಿಯೂ ಅಮೂಲ್ಯ. ಆ ಭೇಟಿಯಲ್ಲೇ ತಂಬಾಕಿನ ಬಗ್ಗೆಯೂ ವಿಚಾರಿಸಿ, ಬಿಡಲು ನೆರವು ನೀಡಬೇಕು ಎಂಬ ಚಿಂತನೆ ಸಾರ್ವಜನಿಕ ಆರೋಗ್ಯ ಸಂಶೋಧನೆಯಲ್ಲಿ ಕಳೆದ ಎರಡು-ಮೂರು ದಶಕಗಳಿಂದ ಬಲಗೊಂಡಿದೆ. ಇದಕ್ಕೆ ವೈಜ್ಞಾನಿಕ ಆಧಾರವೇನು? ಭಾರತದ ಸಂದರ್ಭಕ್ಕೆ ಇದು ಎಷ್ಟು ಹೊಂದುತ್ತದೆ?

ಮೂಲ ಕಾರಣ ವೈರಾಣು

ಈ ಕ್ಯಾನ್ಸರ್‌ನ ಮೂಲ ಕಾರಣ ಧೂಮಪಾನವಲ್ಲ ಎಂಬುದನ್ನು ಮೊದಲಿಗೆ ಸ್ಪಷ್ಟಪಡಿಸಬೇಕು. ಹ್ಯೂಮನ್ ಪ್ಯಾಪಿಲೋಮಾ ವೈರಾಣು, ಅಂದರೆ ಎಚ್‌ಪಿವಿಯ ದೀರ್ಘಕಾಲದ ಸೋಂಕೇ ಬಹುತೇಕ ಎಲ್ಲ ಪ್ರಕರಣಗಳ ಹಿಂದಿರುವ ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಈ ವೈರಾಣುವಿನ ಹಲವು ತಳಿಗಳಿದ್ದು, 16 ಮತ್ತು 18ನೇ ತಳಿಗಳು ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣವಾಗಿವೆ.

ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಅತಿ ಸಾಮಾನ್ಯ. ಬಹುಪಾಲು ಮಹಿಳೆಯರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ಅದನ್ನು ತೊಡೆದುಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಜೀವಕೋಶಗಳಲ್ಲಿ ಬದಲಾವಣೆ ತರುತ್ತದೆ. ಆ ಬದಲಾವಣೆ ಕ್ಯಾನ್ಸರ್ ಆಗಿ ಪರಿಣಮಿಸಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಸೋಂಕು ಏಕೆ ಕೆಲವರಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯ ಹಿನ್ನೆಲೆಯಲ್ಲಿಯೇ ತಂಬಾಕಿನ ಹೊಗೆಯ ವಿಚಾರ ಮುನ್ನೆಲೆಗೆ ಬರುತ್ತದೆ.

ಹೊಗೆ ಶ್ವಾಸಕೋಶಕ್ಕೇ ನಿಲ್ಲುವುದಿಲ್ಲ

ಧೂಮಪಾನಕ್ಕೂ ಗರ್ಭಕೊರಳಿನ ಕ್ಯಾನ್ಸರ್‌ಗೂ ನಂಟಿರಬಹುದು ಎಂಬ ವಾದವನ್ನು ಅಮೆರಿಕದ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ವಾರೆನ್ ವಿಂಕಲ್‌ಸ್ಟೈನ್ 1977ರಲ್ಲಿ ಮಂಡಿಸಿದಾಗ ಅನೇಕರು ಒಪ್ಪಲಿಲ್ಲ. ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಗರ್ಭಕೊರಳಿಗೂ ಅದಕ್ಕೂ ಏನು ಸಂಬಂಧ ಎಂಬುದು ಸಹಜ ಸಂದೇಹವಾಗಿತ್ತು. ಮುಂದಿನ ಎರಡು ದಶಕಗಳ ಪ್ರಯೋಗಾಲಯದ ಅಧ್ಯಯನಗಳು ಉತ್ತರ ನೀಡಿದವು. ಧೂಮಪಾನಿ ಮಹಿಳೆಯರ ಗರ್ಭಕೊರಳಿನ ಲೋಳೆಯಲ್ಲಿ ನಿಕೋಟಿನ್ ಮಾತ್ರವಲ್ಲ, ತಂಬಾಕಿಗೇ ವಿಶಿಷ್ಟವಾದ ಕ್ಯಾನ್ಸರ್‌ಕಾರಕ ನೈಟ್ರೊಸಮೀನ್ ಕೂಡ ಪತ್ತೆಯಾಯಿತು. ರಕ್ತದ ಮೂಲಕ ಅಲ್ಲಿಗೆ ತಲಪುವ ಈ ವಿಷಗಳು, ವೈರಾಣುವನ್ನು ಗುರುತಿಸಿ ಎಚ್ಚರಿಸುವ ಸ್ಥಳೀಯ ರಕ್ಷಕ ಕೋಶಗಳ ಸಂಖ್ಯೆಯನ್ನೂ ಕುಗ್ಗಿಸುತ್ತವೆ ಎಂದು ಕಂಡುಬಂತು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಸರ್ಜನ್ ಜನರಲ್ ಅವರ ವರದಿಗಳೆರಡೂ 2004ರಲ್ಲಿ ಧೂಮಪಾನವನ್ನು ಗರ್ಭಕೊರಳಿನ ಕ್ಯಾನ್ಸರ್‌ನ ಕಾರಣಗಳ ಪಟ್ಟಿಗೆ ಸೇರಿಸಿದವು.

2006ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವಿಶ್ಲೇಷಣೆಯೊಂದು ಈ ನಂಟಿನ ಪ್ರಮಾಣವನ್ನು ನಿಖರಗೊಳಿಸಿತು. 23 ಅಧ್ಯಯನಗಳಿಂದ 13,541 ರೋಗಿಗಳು ಹಾಗೂ ರೋಗವಿಲ್ಲದ 23,017 ಮಹಿಳೆಯರ ಮಾಹಿತಿಯನ್ನು ಅದು ಒಟ್ಟುಗೂಡಿಸಿತ್ತು. ಎಂದೂ ಧೂಮಪಾನ ಮಾಡದವರಿಗೆ ಹೋಲಿಸಿದರೆ ಧೂಮಪಾನಿಗಳಲ್ಲಿ ಸ್ಕ್ವಾಮಸ್ ಎಂಬ ಚಪ್ಪಟೆ ಜೀವಕೋಶಗಳ ಕ್ಯಾನ್ಸರ್‌ನ ಅಪಾಯ ಶೇ 60ರಷ್ಟು ಹೆಚ್ಚಿತ್ತು. ದಿನಕ್ಕೆ ಸೇದುವ ಸಿಗರೇಟುಗಳ ಸಂಖ್ಯೆ ಹೆಚ್ಚಿದಂತೆ, ಚಟ ಅಂಟಿದ ವಯಸ್ಸು ಕಡಿಮೆಯಾದಂತೆ ಅಪಾಯ ಏರುತ್ತಿತ್ತು. ಗ್ರಂಥಿ ಕೋಶಗಳಲ್ಲಿ ಹುಟ್ಟುವ ಅಡಿನೊಕಾರ್ಸಿನೋಮಾ ಎಂಬ ಬಗೆಯಲ್ಲಿ ಮಾತ್ರ ಇಂಥ ಏರಿಕೆ ಕಂಡುಬರಲಿಲ್ಲ.

ಬಿಟ್ಟರೆ ಪ್ರಯೋಜನವಿದೆಯೇ?

ಅದೇ ವಿಶ್ಲೇಷಣೆಯಲ್ಲಿ, ಧೂಮಪಾನ ತ್ಯಜಿಸಿದವರಲ್ಲಿ ಅಪಾಯದ ಹೆಚ್ಚಳ ಶೇ 12ಕ್ಕೆ ಇಳಿದಿತ್ತು. ಇದಕ್ಕೂ ಮೊದಲು, 1996ರಲ್ಲಿ, ಲಂಡನ್ನಿನಲ್ಲಿ ಆನ್ ಸಾರೆವ್‌ಸ್ಕಿ ಮತ್ತು ಸಂಗಡಿಗರು ಗರ್ಭಕೊರಳಿನಲ್ಲಿ ಸೌಮ್ಯ ಬದಲಾವಣೆಗಳಿದ್ದ 82 ಧೂಮಪಾನಿ ಮಹಿಳೆಯರನ್ನು ಆರು ತಿಂಗಳ ಕಾಲ ಗಮನಿಸಿದ್ದರು. ಧೂಮಪಾನ ಬಿಟ್ಟವರಲ್ಲಿ ಅಥವಾ ಬಹಳ ತಗ್ಗಿಸಿದವರಲ್ಲಿ ಆ ಗಾಯದಂಥ ಭಾಗ ಕಿರಿದಾಗುವ ಸಾಧ್ಯತೆ ಹೆಚ್ಚಿತ್ತು. ಅಧ್ಯಯನ ಚಿಕ್ಕದು, ಅದೊಂದರಿಂದಲೇ ಅಂತಿಮ ತೀರ್ಮಾನ ಸಲ್ಲದು. ಆದರೆ ಬಿಡುವುದರಿಂದ ಲಾಭವಾಗಲು ಹತ್ತಾರು ವರ್ಷ ಕಾಯಬೇಕಿಲ್ಲ ಎಂಬ ಆಶಾದಾಯಕ ಸೂಚನೆ ಅದರಲ್ಲಿತ್ತು.

ಧೂಮಪಾನ ಬಿಟ್ಟ ಮಾತ್ರಕ್ಕೆ ತಪಾಸಣೆ ಬೇಡವೆಂದಲ್ಲ. ತಪಾಸಣೆ ಮಾಡಿಸಿಕೊಂಡ ಮಾತ್ರಕ್ಕೆ ಧೂಮಪಾನ ನಿರಪಾಯಕಾರಿಯೂ ಆಗದು.

ಭಾರತದ ಮೂರು ಮಹತ್ವದ ಪ್ರಯೋಗಗಳು

ತಪಾಸಣೆಯಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಜಗತ್ತಿನ ಪ್ರಬಲ ಪುರಾವೆಗಳಲ್ಲಿ ಕೆಲವು ಭಾರತದಲ್ಲೇ ದೊರೆತಿವೆ. ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯ ಮತ್ತು ತಜ್ಞರು ಬೇಕು. ಅದಕ್ಕೆ ಪರ್ಯಾಯವಾಗಿ ಗರ್ಭಕೊರಳಿಗೆ ಶೇ 3ರಿಂದ 5ರ ಅಸಿಟಿಕ್ ಆಮ್ಲ ಸವರಿ, ಒಂದು ನಿಮಿಷದ ನಂತರ ಬಿಳಿ ಮಚ್ಚೆಗಳಿಗಾಗಿ ಬರಿಗಣ್ಣಿನಿಂದ ನೋಡುವ ವಿಐಎ ವಿಧಾನ ರೂಪುಗೊಂಡಿತು.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ತರಬೇತಿ ಪಡೆದ ದಾದಿಯರೇ ಈ ಪರೀಕ್ಷೆ ನಡೆಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಯಿಲೆ ಶೇ 25ರಷ್ಟು, ಅದರಿಂದಾಗುವ ಸಾವು ಶೇ 35ರಷ್ಟು ತಗ್ಗಿದವು.

ಬೀದರ್ ಮತ್ತು ಕಲಬುರಗಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿ 1,31,746 ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ ಅಧ್ಯಯನ ನಡೆಯಿತು. 2009ರಲ್ಲಿ ಹೊರಬಂದ ವರದಿಯ ಪ್ರಕಾರ, ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ನಡೆಸಿದ ಗುಂಪಿನಲ್ಲಿ 34 ಸಾವುಗಳಾದರೆ, ತಪಾಸಣೆ ಇಲ್ಲದ ಗುಂಪಿನಲ್ಲಿ 64 ಸಾವುಗಳಾಗಿದ್ದವು. ಪ್ಯಾಪ್ ಮತ್ತು ವಿಐಎ ಗುಂಪುಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಬರಿಗಣ್ಣಿನ ಪರೀಕ್ಷೆಯ ಫಲ, ನೋಡುವವರ ತರಬೇತಿ ಮತ್ತು ಕೌಶಲವನ್ನು ಬಹುವಾಗಿ ಅವಲಂಬಿಸುತ್ತದೆ.

ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಮೂರನೇ ಪ್ರಯೋಗದಲ್ಲಿ ಸುಮಾರು 1.5 ಲಕ್ಷ ಮಹಿಳೆಯರಿದ್ದರು. ಹತ್ತನೇ ತರಗತಿ ಓದಿ ನಾಲ್ಕು ವಾರಗಳ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ವಿಐಎ ನಡೆಸಿದರು. ಸಾವಿನ ಪ್ರಮಾಣ ಶೇ 31ರಷ್ಟು ಇಳಿದಿದೆ ಎಂದು 2013ರಲ್ಲಿ ಪ್ರಕಟಿಸಲಾಯಿತು.

ಈ ಪ್ರಯೋಗಗಳಲ್ಲಿ ಹೋಲಿಕೆಯ ಗುಂಪಿನ ಮಹಿಳೆಯರಿಗೆ ತಪಾಸಣೆ ಒದಗಿಸದೇ ಇದ್ದುದು ನೈತಿಕವಾಗಿ ಸರಿಯೇ ಎಂಬ ತೀವ್ರ ಚರ್ಚೆ ನಂತರ ನಡೆಯಿತು. ಇಂಥ ಬೆಲೆ ತೆತ್ತು ಪಡೆದ ಜ್ಞಾನವೂ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಪೂರ್ಣವಾಗಿ ತಲಪಿಲ್ಲ ಎಂಬುದನ್ನು ಕುಟುಂಬ ಆರೋಗ್ಯ ಸಮೀಕ್ಷೆಯ ಶೇ 1.9ರ ಅಂಕಿ ಹೇಳುತ್ತದೆ.

ತಪಾಸಣಾ ಕೊಠಡಿಯಲ್ಲೇ ಸಲಹೆ

ಧೂಮಪಾನಕ್ಕೂ ಈ ಕಾಯಿಲೆಗೂ ನಂಟಿದೆ ಎಂಬುದು ಹೆಚ್ಚಿನವರಿಗೆ ಥಟ್ಟನೆ ಹೊಳೆಯುವುದಿಲ್ಲ. ಆದ್ದರಿಂದ ತಪಾಸಣೆಯ ಹೊತ್ತಿನಲ್ಲೇ ಅದನ್ನು ತಿಳಿಸಿದರೆ ಮನಸ್ಸಿಗೆ ನಾಟುತ್ತದೆಯೇ ಎಂದು ಬ್ರಿಟನ್ನಿನ ಸಂಶೋಧಕರು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಯಾಪ್ ಪರೀಕ್ಷೆಗೆ ಬಂದ ಧೂಮಪಾನಿ ಮಹಿಳೆಯರಿಗೆ ದಾದಿಯರು ಚುಟುಕಾಗಿ ಸಲಹೆ ನೀಡಿದರು. ಇದು ಕಾರ್ಯಸಾಧ್ಯವೆಂದೂ, ಧೂಮಪಾನ ಬಿಡುವ ಇರಾದೆಯನ್ನು ಹೆಚ್ಚಿಸುತ್ತದೆಂದೂ ಕಂಡುಬಂತು. ಇರಾದೆಯೇ ತ್ಯಜನೆಯಲ್ಲ, ಅದಕ್ಕೆ ಮುಂದುವರಿದ ನೆರವು ಬೇಕು. ನಿಕೋಟಿನ್ ಅಂಟುಪಟ್ಟಿ, ಚೂಯಿಂಗ್ ಗಮ್ ಮುಂತಾದವು ಬಿಡುವ ಪ್ರಯತ್ನ ಸಫಲವಾಗುವ ಸಾಧ್ಯತೆಯನ್ನು ಸುಮಾರು ಅರ್ಧದಷ್ಟು ಹೆಚ್ಚಿಸುತ್ತವೆ ಎಂಬುದು ಅನೇಕ ಪ್ರಯೋಗಗಳ ಒಟ್ಟು ಫಲಿತಾಂಶ.

ಸಲಹೆ ನೀಡುವಾಗ ಒಂದು ಎಚ್ಚರ ಅಗತ್ಯ. ಈ ಕಾಯಿಲೆಗೆ ಲೈಂಗಿಕ ಸೋಂಕಿನ ಹೆಸರು ಮೊದಲೇ ಅಂಟಿಕೊಂಡಿದೆ. ಅದರ ಮೇಲೆ ತಂಬಾಕಿನ ದೋಷಾರೋಪವನ್ನೂ ಹೊರಿಸಿದರೆ ಮಹಿಳೆ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತದಿರುವ ಸಂಭವವುಂಟು.

ಭಾರತದ ಚಿತ್ರ ಬೇರೆ

ಬ್ರಿಟನ್ನಿನ ಮಾದರಿಯನ್ನು ಇಲ್ಲಿ ಯಥಾವತ್ತಾಗಿ ಅನುಸರಿಸಲು ಬರುವುದಿಲ್ಲ. 2016-17ರ ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆಯಂತೆ ಭಾರತದ ಮಹಿಳೆಯರಲ್ಲಿ ಧೂಮಪಾನಿಗಳು ಶೇ 2ರಷ್ಟು ಮಾತ್ರ. ಆದರೆ ಹೊಗೆರಹಿತ ತಂಬಾಕು ಬಳಸುವವರು ಶೇ 12.8ರಷ್ಟಿದ್ದಾರೆ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು, ನಶ್ಯ, ಕಡ್ಡಿಪುಡಿ ಬಳಸುವ ಮಹಿಳೆ ತನ್ನನ್ನು ತಂಬಾಕಿನ ಚಟವಿರುವವಳೆಂದು ಭಾವಿಸುವುದೇ ಅಪರೂಪ. ಹೊಗೆರಹಿತ ತಂಬಾಕು ಬಾಯಿ, ಅನ್ನನಾಳ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಕಾರಣ ಎಂಬುದು ದೃಢಪಟ್ಟಿದೆ. ಗರ್ಭಕೊರಳಿನ ವಿಷಯದಲ್ಲಿ ಅಂಥ ತೀರ್ಮಾನವಾಗಿಲ್ಲ.

ಹಾಗಾಗಿ ಇಲ್ಲಿ ತಂಬಾಕಿನ ಪ್ರಶ್ನೆಗೆ ಇನ್ನಷ್ಟು ವಿಶಾಲ ಉದ್ದೇಶವಿದೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಬಾಯಿ, ಸ್ತನ ಮತ್ತು ಗರ್ಭಕೊರಳು, ಈ ಮೂರೂ ಕ್ಯಾನ್ಸರ್‌ಗಳ ತಪಾಸಣೆಯನ್ನು 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಒಟ್ಟಿಗೆ ನಡೆಸಲು ಸೂಚಿಸಿದೆ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಭರ್ತಿ ಮಾಡುವ ನಮೂನೆಯಲ್ಲಿ ಧೂಮಪಾನದ ಜತೆಗೆ ಗುಟ್ಕಾ, ಖೈನಿಯಂಥ ಹೊಗೆರಹಿತ ತಂಬಾಕಿನ ಪ್ರಶ್ನೆಯೂ ಇದೆ. ಅಂದರೆ ಎರಡೂ ಕೆಲಸಗಳನ್ನು ಕೂಡಿಸುವ ವ್ಯವಸ್ಥೆ ಕಾಗದದ ಮೇಲೆ ಸಿದ್ಧವಾಗಿದೆ. ಉತ್ತರವನ್ನು ದಾಖಲಿಸಿ ಸುಮ್ಮನಾಗದೆ, ಬಿಡುವ ನೆರವಿಗೆ ಜೋಡಿಸುವುದಷ್ಟೇ ಬಾಕಿ.

ಅಲ್ಪ ನೆರವೂ ವ್ಯರ್ಥವಲ್ಲ. ದೆಹಲಿಯ ಬಡ ಬಡಾವಣೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದೇ ಬಾರಿ ಚುಟುಕು ಸಲಹೆಯನ್ನೂ ಉಸಿರಾಟದ ವ್ಯಾಯಾಮವನ್ನೂ ಹೇಳಿಕೊಟ್ಟ ಗುಂಪಿನಲ್ಲಿ ಶೇ 2.6ರಷ್ಟು ಮಂದಿ ಆರು ತಿಂಗಳು ತಂಬಾಕಿನಿಂದ ದೂರವುಳಿದರು. ಉಳಿದ ಗುಂಪಿನಲ್ಲಿ ಅದು ಶೇ 0.5 ಮಾತ್ರ.

ಓದುಗರ ಗಮನಕ್ಕೆ

* 30 ವರ್ಷ ದಾಟಿದ ಮಹಿಳೆಯರು ಯಾವುದೇ ತೊಂದರೆ ಇಲ್ಲದಿದ್ದರೂ ತಪಾಸಣೆ ಮಾಡಿಸಿಕೊಳ್ಳಬೇಕು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು.

* ಪರೀಕ್ಷೆಯಲ್ಲಿ ದೋಷ ಕಂಡರೆ ಅದು ಕ್ಯಾನ್ಸರ್ ಎಂದೇ ಅರ್ಥವಲ್ಲ. ಆದರೆ ಮುಂದಿನ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ತಪ್ಪಿಸಬಾರದು.

* ಮುಟ್ಟಿನ ನಡುವೆ, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವವಾದರೆ ತಪಾಸಣೆಯ ಸರದಿಗೆ ಕಾಯದೆ ವೈದ್ಯರನ್ನು ಕಾಣಬೇಕು.

* ಎಚ್‌ಪಿವಿ ಲಸಿಕೆ ಪಡೆದವರಿಗೂ ತಪಾಸಣೆ ಅಗತ್ಯ.

* ತಂಬಾಕು ಬಿಡಲು ಬಯಸುವವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2018ರಲ್ಲಿ ಆರಂಭವಾದ ಇದರ ಪ್ರಾದೇಶಿಕ ಕೇಂದ್ರ ಕನ್ನಡದಲ್ಲಿಯೂ ಆಪ್ತಸಲಹೆ ನೀಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಗುರಿಯಂತೆ 2030ರೊಳಗೆ ಶೇ 70ರಷ್ಟು ಮಹಿಳೆಯರು 35ನೇ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ಉತ್ತಮ ಗುಣಮಟ್ಟದ ತಪಾಸಣೆಗೆ ಒಳಗಾಗಿರಬೇಕು. ಆ ಗುರಿಯತ್ತ ಸಾಗುವಾಗ, ತಪಾಸಣೆಗೆ ಬಂದ ಪ್ರತಿ ಮಹಿಳೆಯನ್ನೂ ತಂಬಾಕಿನ ಬಗ್ಗೆ ಮೃದುವಾಗಿ ವಿಚಾರಿಸಿ ನೆರವು ನೀಡಲು ಬೇಕಾದುದು ಕೆಲವೇ ನಿಮಿಷಗಳ ಸಮಯ.