ಡಿಗಾಸ್

ಹಳೆಯ ಕಲರ್ ಮಾನಿಟರಿನ ಮೂಲೆಯಲ್ಲಿ ನೇರಳೆಯೋ ಹಸಿರೋ ಕಲೆ ಕಂಡೊಡನೆ ಪಿಕ್ಚರ್ ಟ್ಯೂಬೇ ಹೋಯಿತೆನ್ನುವುದು ಅವಸರ; ಮೊದಲು ಮಾಡಬೇಕಾದ್ದು ಡಿಗಾಸ್. ಜರ್ಮನ್ ಗಣಿತಜ್ಞ ಗಾಸ್ (1777–1855) ಹೆಸರು ಕಾಂತಕ್ಷೇತ್ರದ ಅಳತೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಕಾಂತ ಮೈನುಗಳಿಂದ ಹಡಗುಗಳನ್ನು ಉಳಿಸಲು ಬ್ರಿಟಿಷ್ ನೌಕಾಪಡೆ ಅವುಗಳ ಕಾಂತತ್ವ ಅಡಗಿಸಿದಾಗ ಡಿಗಾಸ್ ಎಂಬ ಕ್ರಿಯಾಪದ ಬಳಕೆಗೆ ಬಂತು, ಮುಂದೆ ಮಾನಿಟರಿನ ಮೆನುವಿಗೂ ಇಳಿಯಿತು. ಗಾಜಿನ ಹಿಂದಿನ ತೂತುತಗಡಿಗೆ, ಅಂದರೆ ಶ್ಯಾಡೋ ಮಾಸ್ಕಿಗೆ, ಕಾಂತ ಹಿಡಿದರೆ ಕೆಂಪಿಗೆ ಬೀಳಬೇಕಾದ ಕಿರಣ ಪಕ್ಕದ ಬಣ್ಣದ ಚುಕ್ಕಿಗೆ ಬೀಳುತ್ತದೆ. ಬೆಳಗಾವಿಯಲ್ಲಿ ಭೂಕಾಂತದ ಸೆಳೆತ ಬಹುಪಾಲು ಅಡ್ಡಡ್ಡ; ಹಾಗಾಗಿ ಉತ್ತರಕ್ಕೆ ಮುಖಮಾಡಿದ್ದ ಮಾನಿಟರನ್ನು ಪೂರ್ವಕ್ಕೆ ತಿರುಗಿಸಿದರೂ ಬಣ್ಣ ಕದಲಬಹುದು. ಡಿಗಾಸ್ ಒತ್ತಿದರೂ ಕಲೆ ಹೋಗದಿದ್ದರೆ? ಆಗಲೂ ಟ್ಯೂಬನ್ನು ದೂರುವ ಮೊದಲು, ಒತ್ತಿದ ಕ್ಷಣ ಗುಂಯ್ ಎಂದಿತೇ ಕೇಳಿ. ಸದ್ದಿಲ್ಲದಿದ್ದರೆ ಡಿಗಾಸ್ ಮಾಡುವ ತಂತಿಸುರುಳಿಗೆ ಕರೆಂಟ್ ಬಿಡುವ ಥರ್ಮಿಸ್ಟರ್ ಕೆಟ್ಟಿರಬಹುದು, ಇಲ್ಲವೇ ಇನ್ನೂ ಆರಿರಲಿಕ್ಕಿಲ್ಲ. ಇಡೀ ಪರದೆ ಒಂದೇ ಬಣ್ಣಕ್ಕೆ ವಾಲಿದರೆ ಮಾತ್ರ ಮೊದಲು ಕೇಬಲಿನ ಪಿನ್ನನ್ನು, ಆಮೇಲೆ ಟ್ಯೂಬಿನೊಳಗಿನ ಎಲೆಕ್ಟ್ರಾನ್ ಗನ್ನನ್ನು ನೋಡಬೇಕು.